ಪ್ರಶ್ನೆಪಟ್ಟಿಗೆ ಸಿಗದ ಉತ್ತರ

"ಮಗುವನ್ನು ಬೇಗ ಆಸ್ಪತ್ರೆಗೆ ಯಾಕೆ ತರಲಿಲ್ಲ?" ಪ್ರಶ್ನೆಪಟ್ಟಿ ಹಿಡಿದು ಬಂದವರು ಹೀಗೆ ಕೇಳಿದರೆ ನಮ್ಮ ಕಡೆಯ ಎಷ್ಟೋ ಅಮ್ಮಂದಿರು "ಗೊತ್ತಾಗಲಿಲ್ಲ" ಎಂದು ಸುಮ್ಮನಾಗುತ್ತಾರೆ. ಪಟ್ಟಿಯಲ್ಲಿ ಅದು 'ತಿಳಿವಳಿಕೆ ಇಲ್ಲ' ಎಂದಾಗುತ್ತದೆ. ನಿಜವಾದ ಕಾರಣ ಮನೆಯೊಳಗೇ ಉಳಿಯುತ್ತದೆ.

ಅದನ್ನು ಹೊರತರಲು ನಾಟಕವೂ ಒಂದು ದಾರಿ. ಬ್ರೆಜಿಲ್‌ನ ರಂಗಕರ್ಮಿ ಅಗಸ್ಟೋ ಬೋಲ್ (1931–2009) ರೂಪಿಸಿದ ಪದ್ಧತಿಯಲ್ಲಿ, ಕಷ್ಟದ ಒಂದು ಸನ್ನಿವೇಶವನ್ನು ಒಮ್ಮೆ ಆಡಿ ತೋರಿಸುತ್ತಾರೆ. ಎರಡನೆಯ ಸಲ ಆಡುವಾಗ ಪ್ರೇಕ್ಷಕರಲ್ಲಿ ಯಾರಾದರೂ "ನಿಲ್ಲಿ" ಎಂದು ಎದ್ದು ಬಂದು, ಸೋತ ಪಾತ್ರದ ಜಾಗದಲ್ಲಿ ನಿಂತು ಬೇರೆ ದಾರಿ ಹುಡುಕಬಹುದು. ಆರೋಗ್ಯ ಸಂಶೋಧಕರೂ ಇದನ್ನು ಬಳಸುತ್ತಾರೆ.

ಪುತ್ತೂರು, ಸುಳ್ಯ, ಕಡಬ ಎಂದರೆ ನನಗೆ ಮೊದಲು ನೆನಪಾಗುವುದು ಎಂಡೋಸಲ್ಫಾನ್. ಇಲ್ಲಿನ ಸರ್ಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷಗಟ್ಟಲೆ ಸಿಂಪಡಿಸಿದ ಕೀಟನಾಶಕ ಅದು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ಅದಕ್ಕೆ ದೇಶದಾದ್ಯಂತ ತಡೆ ನೀಡಿತು. ಆದರೆ ಎದ್ದು ನಡೆಯಲಾಗದ ಮಕ್ಕಳ ಆರೈಕೆ ಅಮ್ಮಂದಿರಿಗೆ ಇಂದಿಗೂ ಮುಗಿದಿಲ್ಲ.

ಅಂಥ ಒಬ್ಬ ತಾಯಿಯನ್ನು ಪಾತ್ರವಾಗಿ ಕಲ್ಪಿಸಿಕೊಳ್ಳಿ. ಅಡಿಕೆ ಸುಲಿದು ಬದುಕುವವಳು. ಮಗಳನ್ನು ಮಂಗಳೂರಿಗೆ ಕರೆದೊಯ್ಯಬೇಕು. "ಬೆಳಗ್ಗಿನ ಬಸ್ಸಿಗೆ ಹೋಗಬಹುದಲ್ಲ" ಎಂದು ಒಬ್ಬರು ಎದ್ದು ಬರುತ್ತಾರೆ. "ಬಸ್ಸಿಗೆ ಗುಡ್ಡ ಇಳಿಯಬೇಕು. ಹನ್ನೆರಡು ವರ್ಷದ ಹುಡುಗಿಯನ್ನು ಹೊರುವವರು ಯಾರಕ್ಕ?" ಎನ್ನುತ್ತಾರೆ ಮತ್ತೊಬ್ಬರು. ಜೀಪು ಮಾಡಿದರೆ ಬಾಡಿಗೆಗೆ ಧಣಿಯ ಹತ್ತಿರ ಸಾಲ ಕೇಳಬೇಕು. "ಗಂಡ ಒಂದು ದಿನ ಕೂಲಿ ಬಿಟ್ಟು ಜೊತೆಗೆ ಬರಬಾರದೇ?" ಈ ಮಾತಿಗೆ ಗಂಡಸರ ಕಡೆ ಮೌನ. ಆ ಮೌನವನ್ನೂ ಸಂಶೋಧಕರು ಬರೆದುಕೊಳ್ಳಬೇಕು. ದಾರಿ, ಕೂಲಿ, ಸಾಲ, ಮನೆಗೆಲಸ ಎಲ್ಲವೂ ಸೇರಿ ಕಾಯಿಲೆಯ ಭಾರ ಯಾರ ಹೆಗಲಿಗೆ ಬೀಳುತ್ತದೆಂದು ಆಗ ಕಾಣುತ್ತದೆ.

ಇನ್ನೊಂದು ಅನುಕೂಲವೂ ಉಂಟು. ಪ್ರಶ್ನೆಪಟ್ಟಿ ಕನ್ನಡದಲ್ಲಿದ್ದರೂ ಈ ಊರುಗಳ ಮನೆಮಾತು ತುಳು, ಅರೆಭಾಷೆ, ಬ್ಯಾರಿ, ಮಲಯಾಳ. ಆಟದಲ್ಲಿ ಅವರವರ ಮಾತಿಗೇ ಜಾಗ.

ಎಚ್ಚರವೂ ಬೇಕು. ಧಣಿ ಎದುರಿಗೇ ಕುಳಿತಿದ್ದರೆ ಕೂಲಿಯಾಳು ಬಾಯಿ ಬಿಟ್ಟಾನೇ? ಹೆಂಗಸರು, ಕೂಲಿಯವರು ಮೊದಲು ತಮ್ಮತಮ್ಮಲ್ಲೇ ಆಡುವುದು ಒಳ್ಳೆಯದು. ಯಾರೂ ಸ್ವಂತ ನೋವನ್ನು ಹೇಳಲೇಬೇಕೆಂದಿಲ್ಲ, ಪಾತ್ರವೇ ಹೇಳಲಿ.

ಕೇಳಿದ್ದು ವರದಿಯಲ್ಲೇ ಉಳಿದರೆ ಏನು ಪ್ರಯೋಜನ? ಬೋಲ್ ರಿಯೋ ನಗರಸಭೆಯ ಸದಸ್ಯರಾಗಿದ್ದಾಗ, ಜನರು ಆಡಿದ ನಾಟಕಗಳಿಂದ ಹುಟ್ಟಿದ ಸಲಹೆಗಳಲ್ಲಿ ಕೆಲವು ಕಾನೂನೇ ಆದವು. ನಮಗೂ ಗ್ರಾಮಸಭೆ ಇದೆ. ಜೀಪಿನ ಬಾಡಿಗೆಯ ಮಾತು ಅಲ್ಲಿಗೆ ಮುಟ್ಟಲಿ.