ಬೆರಳಿನ ಎಲುಬಿನೊಳಗಣ ಗೆಡ್ಡೆ

ಚೆಂಡು ಹಿಡಿಯುವಾಗಲೋ ಬಾಗಿಲ ಸಂದಿಗೆ ಸಿಕ್ಕಿಯೋ ತಗುಲಿದ ಅಲ್ಪ ಪೆಟ್ಟಿಗೇ ಬೆರಳು ಮುರಿದು ಬಂದವರಿಗೆ, ಎಕ್ಸ್-ರೇ ಚಿತ್ರವನ್ನು ಬೆಳಕಿಗೆ ಹಿಡಿದ ವೈದ್ಯರು ‘ಎಲುಬಿನೊಳಗೆ ಗೆಡ್ಡೆಯಿದೆ’ ಎಂದರೆ, ಮನೆಮಂದಿಗೆ ಆಗುವ ದಿಗಿಲು ಮುರಿತದ ನೋವಿಗಿಂತ ಮಿಗಿಲಾದುದು. ಆದರೆ ಹಸ್ತದ ಎಲುಬುಗಳಲ್ಲಿಯೇ ಹುಟ್ಟುವ ಗೆಡ್ಡೆಗಳಲ್ಲಿ ಬಹುಪಾಲು ನಿರಪಾಯಕರವಾದವೆಂಬುದನ್ನೂ, ಅವುಗಳಲ್ಲಿ ಅತಿ ಸಾಮಾನ್ಯವಾದ ಎನ್‌ಕಾಂಡ್ರೋಮಾ ಕ್ಯಾನ್ಸರ್ ಅಲ್ಲವೆಂಬುದನ್ನೂ ನಾವು ಮೊದಲು ತಿಳಿಯತಕ್ಕುದು.

ಹಸ್ತದ 27 ಎಲುಬುಗಳ ಪೈಕಿ ಬೆರಳುಗಳ 14 ಮತ್ತು ಅಂಗೈಯ 5 ಎಲುಬುಗಳೇ ಇದರ ಮುಖ್ಯ ನೆಲೆ. ಮಣಿಕಟ್ಟಿನ 8 ಎಲುಬುಗಳಲ್ಲಿ ಇದು ವಿರಳ. ಎಲುಬಿನ ಗರ್ಭದಲ್ಲಿ ಮೃದ್ವಸ್ಥಿಯು ಮೆಲ್ಲಮೆಲ್ಲನೆ ಬೆಳೆದು ಹೊರಗೋಡೆಯನ್ನು ಒಳಗಿನಿಂದ ತೆಳುವಾಗಿಸುತ್ತ, ವರ್ಷಾನುಗಟ್ಟಲೆ ನೋವನ್ನೇ ಕೊಡದೆ ಅಡಗಿದ್ದು, ಕಡೆಗೆ ಮುರಿತದ ಮೂಲಕ ತನ್ನ ಇರವನ್ನು ಪ್ರಕಟಿಸುವುದುಂಟು. 1895ರಲ್ಲಿ ವಿಜ್ಞಾನಿ ರಾಂಟ್‌ಗೆನ್ ಮಹಾಶಯನು ತನ್ನ ಪತ್ನಿಯ ಕೈಯೆಲುಬುಗಳನ್ನು ಯಾವ ಕಿರಣದಿಂದ ಕಂಡನೋ ಅದೇ ಎಕ್ಸ್-ರೇ ಕಿರಣ ಇಂದಿಗೂ ಇದರ ನಿದಾನಕ್ಕೆ ಪ್ರಥಮ ಆಧಾರ.

ಗೆಡ್ಡೆ ಚಿಕ್ಕದಾಗಿ, ನೋವಿಲ್ಲದೆ, ಎಲುಬಿನ ಗೋಡೆ ದೃಢವಾಗಿದ್ದರೆ, ಆಗಾಗ್ಗೆ ಚಿತ್ರ ತೆಗೆದು ನೋಡುತ್ತಿದ್ದರೆ ಸಾಕು. ಶಸ್ತ್ರವನ್ನು ಹಿಡಿಯದಿರುವ ವಿವೇಕವೂ ವೈದ್ಯಧರ್ಮದ ಅಂಗವೇ. ಎಲುಬು ಮುರಿದಿದ್ದಲ್ಲಿ ಸಾಮಾನ್ಯವಾಗಿ ಅದು ಕೂಡಿಕೊಳ್ಳುವವರೆಗೆ ಕಾಯುತ್ತಾರೆ. ಮುರಿತ, ಗೆಡ್ಡೆ ಎರಡನ್ನೂ ಒಮ್ಮೆಗೇ ಸರಿಪಡಿಸುವ ಶಸ್ತ್ರವೈದ್ಯರೂ ಇದ್ದಾರೆ.

ಶಸ್ತ್ರಕ್ರಿಯೆಗೆ ಹಲವು ವೇಳೆ ಕೈಗೆ ಮಾತ್ರ ಅರಿವಳಿಕೆ ಸಾಕಾಗುತ್ತದೆ. ಬೆರಳಿನ ಬೆನ್ನಿನಲ್ಲಿಯೋ ಪಾರ್ಶ್ವದಲ್ಲಿಯೋ ಚರ್ಮವನ್ನು ಸೀಳಿ, ಸ್ನಾಯುರಜ್ಜುವಿಗೆ ಗಾಸಿಯಾಗದಂತೆ ಸರಿಸಿ, ಎಲುಬಿನಲ್ಲಿ ಕಿರುಗಿಂಡಿಯೊಂದನ್ನು ತೆರೆದು, ಚಮಚದಾಕಾರದ ಕ್ಯುರೆಟ್ ಎಂಬ ಉಪಕರಣದಿಂದ ಗೆಡ್ಡೆಯನ್ನು ನಿಶ್ಶೇಷವಾಗಿ ಕೆರೆದು ತೆಗೆಯುತ್ತಾರೆ. ಉಳಿಕೆಯಿಂದ ಅದು ಮರಳಿ ಬೆಳೆಯಬಹುದು. ತೆಗೆದ ಅಂಗಾಂಶವನ್ನು ಸೂಕ್ಷ್ಮದರ್ಶಕದ ಪರೀಕ್ಷೆಗೆ ಕಳುಹಿಸುವುದು ಅವಶ್ಯ ವಿಧಿ. ಬರಿದಾದ ಕುಹರವನ್ನು ಸೊಂಟದ ಅಥವಾ ಮುಂಗೈಯ ಎಲುಬಿನ ಚೂರುಗಳಿಂದ, ಇಲ್ಲವೇ ಕ್ಯಾಲ್ಸಿಯಂ ಲವಣಗಳಿಂದ ತುಂಬುವುದು ರೂಢಿ. ಚಿಕ್ಕ ಕುಹರವನ್ನು ಬರಿದೇ ಬಿಟ್ಟರೂ ದೇಹವು ಹೊಸ ಎಲುಬನ್ನು ತಾನೇ ರಚಿಸಿಕೊಳ್ಳುವುದನ್ನು ವೈದ್ಯರು ಕಂಡಿದ್ದಾರೆ.

ಎಲ್ಲ ನಿರಪಾಯಕರ ಗೆಡ್ಡೆಗಳೂ ಇಷ್ಟು ಸೌಮ್ಯವಲ್ಲ. ಜಯಂಟ್ ಸೆಲ್ ಟ್ಯೂಮರ್ ಎಲುಬನ್ನು ರಭಸದಿಂದ ನಾಶಪಡಿಸಿ, ಕೆರೆದ ಮೇಲೂ ಮರುಕಳಿಸಬಲ್ಲುದು. ಅನೇಕ ಎಲುಬುಗಳಲ್ಲಿ ಎನ್‌ಕಾಂಡ್ರೋಮಾಗಳು ಕಾಣಿಸುವ ಓಲಿಯೇ ರೋಗದಲ್ಲಿ ಅವುಗಳಲ್ಲಿ ಯಾವುದಾದರೊಂದು ಗೆಡ್ಡೆ ಕ್ಯಾನ್ಸರ್ ಆಗಿ ಪರಿಣಮಿಸುವ ಭಯವಿರುವುದರಿಂದ ಜೀವನಪರ್ಯಂತ ಎಚ್ಚರ ಬೇಕು.

ಗೆಡ್ಡೆ ಹೋದರೂ ಬೆರಳು ಮರಗಟ್ಟಿ ಮಡಿಯದೆ ಉಳಿದರೆ ಚಿಕಿತ್ಸೆ ಅಪೂರ್ಣ. ಅನ್ನ ಕಲಸಲು, ಹೂ ಕಟ್ಟಲು, ಲೇಖನಿ ಹಿಡಿಯಲು ಕೈ ಮತ್ತೆ ಶಕ್ತವಾಗುವುದೇ ಅದರ ಪರಮಾರ್ಥವಾದುದರಿಂದ, ವೈದ್ಯರು ಅನುಮತಿಸಿದ ಕೂಡಲೇ ವ್ಯಾಯಾಮವನ್ನು ಆರಂಭಿಸಬೇಕು. ಕಾರಣ ತಿಳಿಯದ ಬಾವನ್ನು ತಿಕ್ಕಿ ನೀವಿ ಕಾಲ ಕಳೆಯದೆ ಎಕ್ಸ್-ರೇ ತೆಗೆಸುವವನು ತನ್ನ ಕೈಗೆ ಅತ್ಯಂತ ದೊಡ್ಡ ಉಪಕಾರವನ್ನು ಮಾಡಿಕೊಂಡಂತೆಯೇ ಸರಿ.