ಕೆರೆಯಂಚಿನ ಜೇಕೂ ಒಣಸಸ್ಯಗಳ ಭಂಡಾರವೂ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದೊಡನೆ ನಮ್ಮ ವಾಚಕರ ಕಣ್ಣೆದುರಿಗೆ ಎರೆಹೊಲ, ಬಿಳಿಜೋಳ, ಬಿರುಬಿಸಿಲುಗಳೇ ಬಂದು ನಿಲ್ಲುವುವು. ಇಂಥ ಸೀಮೆಯಲ್ಲಿ ಜವುಗುನೆಲದ ಸಸ್ಯಗಳ ಮಾತೇಕೆಂದು ಯಾರಾದರೂ ಕೇಳಬಹುದು. ಆದರೆ ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಉಪ್ಪುನೀರಿನ ಡೋಣಿ. ಇವಲ್ಲದೆ ಊರೂರಿನ ಕೆರೆಹಳ್ಳಗಳು. ಮಳೆಗಾಲ ಕಳೆದು ನೀರು ಹಿಂಜರಿಯುತ್ತಿರುವಾಗ ಅವುಗಳ ಅಂಚಿನ ಕೆಸರನ್ನು ಬಗ್ಗಿ ನೋಡಿದವರಿಗೆ ಅಲ್ಲಿಯೂ ಒಂದು ಸಸ್ಯಲೋಕವುಂಟೆಂಬುದು ತಿಳಿಯದೆ ಇರದು.

ಆ ಲೋಕದಲ್ಲಿ ಜೇಕಿನ ವಂಶದ್ದೇ ದೊಡ್ಡ ಪಾಲು. ಹೊಲದ ಕಳೆಯೆಂದು ರೈತನು ಶಪಿಸುವ ಕೊನ್ನಾರಿಗಡ್ಡೆಯೂ ಇದೇ ವಂಶದ್ದು. ಇವರ ದಾಯಾದಿಯೊಂದಕ್ಕೆ ಶಾಸ್ತ್ರಜ್ಞರು ಎಲಿಯೊಕ್ಯಾರಿಸ್ ಎಂದು ಹೆಸರಿಟ್ಟಿರುವರು. ಗ್ರೀಕ್ ಭಾಷೆಯಲ್ಲಿ ಜವುಗಿನ ಚೆಲುವು ಎಂದರ್ಥ. ಹೆಸರಿನಷ್ಟು ಚೆಲುವನ್ನು ಇದರಲ್ಲಿ ಕಾಣಲು ಸ್ವಲ್ಪ ತಾಳ್ಮೆ ಬೇಕೆಂಬುದನ್ನು ನಾವು ಒಪ್ಪುತ್ತೇವೆ. ಎಲೆಯೆಂಬುದು ಇದಕ್ಕೆ ಇಲ್ಲವೆಂದೇ ಹೇಳಬಹುದು. ಬುಡದಲ್ಲಿ ಬರಿಯ ಒರೆಯಷ್ಟೇ ಉಳಿದಿದೆ. ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಕೆಲಸವನ್ನು ಹಸುರು ಕಡ್ಡಿಯೇ ಮಾಡುವುದು. ಕಡ್ಡಿಯ ತುದಿಗೆ ಒಂದೇ ಒಂದು ತೆನೆ. ಚೀನೀಯರು ಗಡ್ಡೆಗಾಗಿ ಬೆಳೆದು ತಿನ್ನುವುದೂ ಇದರದೇ ಒಂದು ಜಾತಿ. ಅಮೇರಿಕೆಯ ಪಶ್ಚಿಮ ಪರ್ವತಗಳ ಒದ್ದೆ ಹುಲ್ಲುಗಾವಲುಗಳಲ್ಲಿ ಮತ್ತೊಂದು ಜಾತಿ ಬೆಳೆಯುತ್ತದೆ.

ಇಷ್ಟು ಒಂದೇ ತೆರನಾಗಿರುವ ಕಡ್ಡಿಗಳಲ್ಲಿ ಜಾತಿಭೇದವನ್ನು ಅರಿಯುವುದು ಹೇಗೆ? ಎಳ್ಳಿಗಿಂತ ಚಿಕ್ಕದಾದ ಕಾಯಿಯಿಂದ. ಅದರ ನೆತ್ತಿಯ ಮೇಲೊಂದು ಪುಟ್ಟ ಟೊಪ್ಪಿಗೆ, ಬುಡದ ಸುತ್ತ ಹಲವು ಬಾರಿ ನವಿರಾದ ಬಿರುಗೂದಲು. ಬಣ್ಣ, ಹೊಳಪು, ಆಕಾರಗಳನ್ನು ಭೂತಗನ್ನಡಿಯಿಂದ ಪರೀಕ್ಷಿಸಬೇಕು. ಆದುದರಿಂದಲೇ ಬಾಯಿಮಾತಿನ ವರದಿಗಿಂತ ಒಣಗಿಸಿಟ್ಟ ಸಸ್ಯಕ್ಕೆ ಬೆಲೆ ಹೆಚ್ಚು. ನೂರು ವರ್ಷಗಳ ಮೇಲೂ ಅದನ್ನು ತೆಗೆದು, ಹಿಂದಿನವರ ತಪ್ಪನ್ನು ತಿದ್ದಬಹುದು.

ನಮ್ಮ ಈ ಜಿಲ್ಲೆಯು 1956ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಆ ಪ್ರಾಂತದ ಸಸ್ಯಗಳನ್ನು ಕುರಿತು ಥಿಯೋಡೋರ್ ಕುಕ್ ಎಂಬವರು 1901ರಿಂದ 1908ರ ವರೆಗೆ ಬರೆದ ಗ್ರಂಥವು ಪ್ರಸಿದ್ಧವಾದುದು. ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆಯು 1890ರಲ್ಲಿ ಹುಟ್ಟಿತು; ಪುಣೆಯಲ್ಲಿ ಅದರ ಪಶ್ಚಿಮ ಶಾಖೆಯು 1955ರಲ್ಲಿ ತೆರೆಯಿತು. ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಬ್ಲಾಟರ್ ಅವರ ಹೆಸರಿನ ಭಂಡಾರವಿದೆ. ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಮೊದಲಾದ ಸಂಗ್ರಹವು ಈಗ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಸಂಗ್ರಾಹಕರ ಒಲವು ಮಾತ್ರ ಬಹುಕಾಲ ಸಹ್ಯಾದ್ರಿಯ ಕಾಡುಗಳ ಕಡೆಗೇ. ಬಯಲುಸೀಮೆಯ ಕೆಸರಿಗೆ ಇಳಿಯುವವರು ಕಡಿಮೆ.

ಇದರಿಂದ ನಷ್ಟವೇನು? ಆಲಮಟ್ಟಿಯಲ್ಲಿ 1964ರಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಬಿದ್ದಿತು. ಇಂದು ಅದರ ಹಿನ್ನೀರಿನಡಿ ಕೃಷ್ಣೆಯ ಹಳೆಯ ದಡಗಳು ಮುಳುಗಿವೆ. ನಾರಾಯಣಪುರದಿಂದ ಇಂಡಿಯ ಕಡೆಗೆ ಕಾಲುವೆ ಬಂದಿದೆ. ಒಣಭೂಮಿಯಲ್ಲಿ ಹೊಸ ಜವುಗುಗಳು ಹುಟ್ಟುತ್ತವೆ. ಹಳೆಯ ದಡದಲ್ಲಿ ಯಾವ ಜೇಕು ಇದ್ದಿತು, ಹೊಸ ಕಾಲುವೆಯ ಜೊತೆಗೆ ಯಾವುದು ಬಂದಿತು ಎಂಬ ಪ್ರಶ್ನೆಗೆ ಆಯಾ ಕಾಲದಲ್ಲಿ ಕಿತ್ತು ಒಣಗಿಸಿ, ತಾರೀಖು ಬರೆದಿಟ್ಟ ಸಸ್ಯವೊಂದೇ ನಂಬತಕ್ಕ ಸಾಕ್ಷಿ. ಮುಳುಗಿದ ದಡಕ್ಕೆ ಹೋಗಿ ಈಗ ಕೀಳುವಂತಿಲ್ಲ.

ಕೆಲಸವೇನೋ ಸುಲಭ. ಶಾಲೆಯ ಮಕ್ಕಳೂ ಮಾಡಬಹುದು. ಕಾಯಿ ಬಲಿತ ಸಸ್ಯವನ್ನು ಬೇರುಸಹಿತ ಕಿತ್ತು, ಕೆಸರು ತೊಳೆದು, ಹಳೆಯ ವೃತ್ತಪತ್ರಿಕೆಗಳ ನಡುವೆ ಹರಡಿ ಭಾರ ಹೇರಬೇಕು. ಕಾಗದವನ್ನು ದಿನವೂ ಬದಲಿಸಬೇಕು. ಅಲಸ್ಯ ಮಾಡಿದರೆ ಬೂಷ್ಟು ಹಿಡಿಯುವುದು. ಉದ್ದನೆಯ ಕಡ್ಡಿಯನ್ನು ಕತ್ತರಿಸದೆ ಇಂಗ್ಲಿಷಿನ ಎನ್ ಅಕ್ಷರದಂತೆ ಮಡಿಸಬೇಕು. ಒಣಗಿದ ಮೇಲೆ ದಪ್ಪ ಹಾಳೆಗೆ ಹೊಲಿದು ಚೀಟಿ ಅಂಟಿಸುವುದು.

ಚೀಟಿಯಲ್ಲಿ ತಾಲೂಕಿನ ಹೆಸರಷ್ಟೇ ಸಾಲದು. ಬಸವನ ಬಾಗೇವಾಡಿ ತಾಲೂಕಿನಲ್ಲಿದ್ದ ಆಲಮಟ್ಟಿಯು ಈಗ ನಿಡಗುಂದಿಗೆ ಸೇರಿದೆ. ಮುದ್ದೇಬಿಹಾಳದಿಂದ ತಾಳಿಕೋಟೆ ಬೇರೆಯಾಯಿತು. ಜಿಲ್ಲೆಯ ಹೆಸರೇ 2014ರಲ್ಲಿ ವಿಜಯಪುರವೆಂದಾಯಿತು. ಹಳ್ಳಿ, ಕೆರೆ, ದಡ ಯಾವ ದಿಕ್ಕಿನದು, ನೀರು ಎಷ್ಟಿತ್ತು, ಯಾವ ದಿನ ಕಿತ್ತದ್ದು ಎಂಬುದನ್ನು ಕೆರೆಯ ದಂಡೆಯ ಮೇಲೆ ಕುಳಿತೇ, ಸೀಸಕಡ್ಡಿಯಿಂದ ಬರೆದುಬಿಡುವುದು ಲೇಸು. ಮನೆಗೆ ಬಂದು ಬರೆಯುವೆವೆಂದವರ ಚೀಟಿಗಳು ಸಾಮಾನ್ಯವಾಗಿ ಬರಿದಾಗಿಯೇ ಉಳಿಯುತ್ತವೆ.