ಹಿಮ್ಮೇಳದವರ ಹನ್ನೆರಡು ತಿಂಗಳು

ಯಕ್ಷಗಾನದ ವೃತ್ತಿಮೇಳದ ದಿನನಿತ್ಯದ ಆಟಕ್ಕೆ ರಿಹರ್ಸಲ್ ಎಂಬುದಿಲ್ಲ. ವೇಷಧಾರಿಗಳು ಸಂಜೆ ಚೌಕಿಗೆ ಬಂದು ಬಣ್ಣಕ್ಕೆ ಕೂರುತ್ತಾರೆ, ಅಂದಿನ ಪ್ರಸಂಗದ ನಡೆಯನ್ನು ನಾಲ್ಕು ಮಾತಿನಲ್ಲಿ ಆಡಿಕೊಳ್ಳುತ್ತಾರೆ, ರಂಗಸ್ಥಳಕ್ಕೆ ಹೋಗುತ್ತಾರೆ. ಅರ್ಥ, ಅಂದರೆ ಪಾತ್ರದ ಮಾತು, ಆಶುವಾಗಿ ಹುಟ್ಟಬೇಕು. ಇಷ್ಟಾಗಿಯೂ ಆಟ ದಿಕ್ಕು ತಪ್ಪದಿರುವುದಕ್ಕೆ ಕಾರಣ ಹಿಂದೆ ಕುಳಿತ ಮೂರ್ನಾಲ್ಕು ಜನ. ಪದ್ಯ ಎತ್ತುವ ಭಾಗವತರು, ಮದ್ದಳೆಯವರು, ಚೆಂಡೆಯವರು, ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನಲ್ಲಾದರೆ ಚಕ್ರತಾಳದವರೂ ಸೇರಿ ಹಿಮ್ಮೇಳ. ಕಿರೀಟ, ಬಣ್ಣ, ಗೆಜ್ಜೆ ಯಾವುದೂ ಇಲ್ಲದ ಭಾಗವತರನ್ನೇ ‘ಮೊದಲನೇ ವೇಷಧಾರಿ’ ಎಂದು ಕರೆಯುವ ರೂಢಿ ಕರಾವಳಿಯಲ್ಲಿದೆ.

ಆ ಮಾತು ಬರೀ ಗೌರವಕ್ಕೆ ಹುಟ್ಟಿದ್ದಲ್ಲ. ಯಾವ ಪದ್ಯ ಹೇಳಬೇಕು, ಯಾವುದನ್ನು ಬಿಡಬೇಕು, ಯುದ್ಧದ ಏರುಪದ್ಯವನ್ನು ಎಷ್ಟು ಎಳೆಯಬೇಕು, ಮಾತು ಉದ್ದವಾದ ವೇಷಧಾರಿಯನ್ನು ಎಲ್ಲಿ ತಡೆಯಬೇಕು ಎಂಬುದೆಲ್ಲ ಭಾಗವತರ ತೀರ್ಮಾನ. ಕಥೆ ತಡವಾಗುತ್ತಿದೆ ಅನಿಸಿದರೆ ಜಾಗಟೆಯ ಒಂದು ಪೆಟ್ಟು ಸಾಕು. ಮದ್ದಳೆಯವರ ಕಿವಿ ಭಾಗವತರ ಕಡೆ, ಕಣ್ಣು ವೇಷಧಾರಿಯ ಪಾದದ ಕಡೆ. ಕುಣಿತಕ್ಕೆ ಬಿಟ್ಟಾಗ ಬಿಡ್ತಿಗೆ, ಮುಕ್ತಾಯ ಎಂಬ ಪೆಟ್ಟುಗಳು ಗೆಜ್ಜೆಯ ಜೊತೆಗೇ ಬೀಳಬೇಕು. ತೆಂಕಿನಲ್ಲಿ ಚೆಂಡೆಯವರು ನಿಂತೇ ನುಡಿಸುತ್ತಾರೆ. ರಾಕ್ಷಸ ವೇಷದ ಅಬ್ಬರದ ಪ್ರವೇಶವಿದ್ದರೆ ಅವರ ತೋಳಿಗೆ ಬಿಡುವಿಲ್ಲ. ಕರಾವಳಿಯ ರಾತ್ರಿಯ ತೇವಕ್ಕೆ ಚರ್ಮ ಸಡಿಲಾಗುತ್ತದೆ, ಶ್ರುತಿ ಇಳಿಯುತ್ತದೆ. ಭಾಗವತರು ಬದಲಾದರೆ ಶ್ರುತಿಯೂ ಬದಲಾಗುವುದರಿಂದ ಮದ್ದಳೆಗಾರರ ಪಕ್ಕದಲ್ಲಿ ಬೇರೆ ಬೇರೆ ಶ್ರುತಿಯ ಮದ್ದಳೆಗಳು ಸಿದ್ಧವಾಗಿರಬೇಕು.

ತಿರುಗಾಟದ ಲೆಕ್ಕ

ದೀಪಾವಳಿ ಕಳೆದು ನವೆಂಬರ್ ಹೊತ್ತಿಗೆ ಮೇಳಗಳು ಹೊರಡುತ್ತವೆ. ತುಳುವರ ಬೇಷ ತಿಂಗಳ ಹತ್ತನೇ ದಿನ, ಅಂದರೆ ಮೇ 24ರ ಆಸುಪಾಸಿನ ಪತ್ತನಾಜೆಗೆ ತೆಂಕಿನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಉತ್ತರದ ಶೈಲಿಯಾದ ಬಡಗುತಿಟ್ಟಿನ ಮೇಳಗಳೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ತಿರುಗಾಟ ಮುಗಿಸುತ್ತವೆ. ಈ ನಡುವಿನ ಆರು ತಿಂಗಳಲ್ಲಿ ಆಟವಿಲ್ಲದ ರಾತ್ರಿ ಬಹಳ ಕಡಿಮೆ.

ಕಟೀಲು, ಮಂದಾರ್ತಿಯಂಥ ಕ್ಷೇತ್ರಗಳ ಹರಕೆ ಮೇಳಗಳಲ್ಲಿ ಆಟಕ್ಕೆ ಕೊರತೆಯಿಲ್ಲ. ಸೇವೆಯಾಟ ಆಡಿಸಲು ಭಕ್ತರೇ ವರ್ಷಗಟ್ಟಲೆ ಕಾಯುತ್ತಾರೆ. ಟಿಕೆಟ್ ಇಟ್ಟು ಆಡುವ ಡೇರೆ ಮೇಳಗಳ ಕಥೆ ಬೇರೆ. ಒಂದು ಕಾಲದಲ್ಲಿ ಊರೂರಿಗೆ ಡೇರೆ ಎಬ್ಬಿಸುತ್ತಿದ್ದ ಮೇಳಗಳಲ್ಲಿ ಹೆಚ್ಚಿನವು ನಿಂತುಹೋದವು. ಬಡಗಿನಲ್ಲಿ ಸಾಲಿಗ್ರಾಮ, ಪೆರ್ಡೂರಿನಂಥ ಕೆಲವೇ ಹೆಸರುಗಳು ಉಳಿದವು. ಎರಡೂ ಕಡೆ ಕಲಾವಿದರ ಒಪ್ಪಂದ ಒಂದು ತಿರುಗಾಟದ ಮಟ್ಟಿಗೆ ಮಾತ್ರ. ಮುಂದಿನ ವರ್ಷ ಯಾವ ಮೇಳ, ಎಷ್ಟು ಸಂಬಳ ಎಂಬುದು ಮಳೆಗಾಲದಲ್ಲಿ ಇತ್ಯರ್ಥವಾಗಬೇಕು. ಗಂಟಲು ಕಟ್ಟಿ ನಾಲ್ಕು ದಿನ ಮಲಗಿದರೆ ಆ ನಷ್ಟ ಸಾಮಾನ್ಯವಾಗಿ ಕಲಾವಿದರದ್ದೇ.

ಕೋವಿಡ್ ಈ ಏರ್ಪಾಡಿನ ದೌರ್ಬಲ್ಯವನ್ನು ಬಯಲಿಗೆ ತಂದಿತು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ತಿರುಗಾಟ ಮುಗಿಯಲು ಇನ್ನೂ ಎರಡು ತಿಂಗಳು ಬಾಕಿಯಿತ್ತು. ಅದರ ಬೆನ್ನಿಗೇ ಮಳೆಗಾಲ. ಆರು ತಿಂಗಳ ದುಡಿಮೆಯಲ್ಲಿ ಹನ್ನೆರಡು ತಿಂಗಳು ದೂಡುವ ಮನೆಗಳಿಗೆ ಆ ಎರಡು ತಿಂಗಳು ದೊಡ್ಡ ಪೆಟ್ಟಾಯಿತು. ಮರುವರ್ಷದ ಎರಡನೇ ಅಲೆಯೂ ತಿರುಗಾಟದ ಕೊನೆಯ ಹೊತ್ತಿಗೇ ಬಂದು ಎರಗಿತು.

ದಾರಿಯೂ ಈ ವೃತ್ತಿಯ ಭಾಗ. ಹಿಂದೆ ಕಲಾವಿದರು ಕಾಲ್ನಡೆಯಲ್ಲಿ, ಆಮೇಲೆ ಮೇಳದ ಬಸ್ಸು ಲಾರಿಗಳಲ್ಲಿ ಊರಿಂದೂರಿಗೆ ಹೋಗುತ್ತಿದ್ದರು. ಈಗ ಹೆಚ್ಚಿನವರು ಆಟ ಮುಗಿದ ಕೂಡಲೇ ಸ್ವಂತ ಬೈಕು ಕಾರುಗಳಲ್ಲಿ ಮನೆಗೆ ಮರಳುತ್ತಾರೆ. ಹಾಡಿ, ಬಾರಿಸಿ ದಣಿದ ದೇಹ ಅಪರಾತ್ರಿಯಲ್ಲಿ ಹೆದ್ದಾರಿ ಹಿಡಿಯುವುದು ಎಷ್ಟು ಅಪಾಯ ಎಂಬುದನ್ನು ಕರಾವಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಡಗುತಿಟ್ಟಿನ ಹಾಡುಗಾರಿಕೆಯ ರುಚಿಯನ್ನೇ ಬದಲಿಸಿದ ಕಾಳಿಂಗ ನಾವಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ ಮೂವತ್ತರ ಹರೆಯ. ಅವರ ಕ್ಯಾಸೆಟ್ಟು ಕೇಳಿ ಪದ್ಯ ಕಲಿತವರು ಈಗ ಹಿರಿಯ ಭಾಗವತರ ಸಾಲಿನಲ್ಲಿದ್ದಾರೆ.

ರಾತ್ರಿ ಚಿಕ್ಕದಾದ ಮೇಲೆ

ಇತ್ತೀಚಿನ ದಶಕಗಳಲ್ಲಿ ಹಿಮ್ಮೇಳದವರ ಬದುಕನ್ನು ಅತಿ ಹೆಚ್ಚು ಬದಲಿಸಿದ್ದು ಕಾಲಮಿತಿ. ಸಂಜೆ ಏಳರ ಆಸುಪಾಸಿಗೆ ಶುರುವಾಗಿ ನಡುರಾತ್ರಿಯೊಳಗೆ ಮುಗಿಯುವ ಆಟ. ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದ ಪ್ರೇಕ್ಷಕರು ಇದನ್ನು ಬಯಸಿದರು. ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ಬೇಡವೆನ್ನುವ 2000ದ ಶಬ್ದಮಾಲಿನ್ಯ ನಿಯಮವೂ ಇದರತ್ತ ನೂಕಿತು. ಧರ್ಮಸ್ಥಳ ಮೇಳ ಮೊದಲೇ ಈ ದಾರಿ ಹಿಡಿದಿತ್ತು. 2022ರ ತಿರುಗಾಟಕ್ಕೆ ಕಟೀಲು ಮೇಳಗಳ ಆಟಕ್ಕೂ ಕಾಲಮಿತಿ ಎಂದಾಗ ಹರಕೆಯ ಆಟ ಬೆಳಗಾಗುವವರೆಗೆ ನಡೆಯಬೇಕೆಂದು ನಂಬಿದವರ ವಿರೋಧ ಜೋರಾಗಿಯೇ ಎದ್ದಿತು. ಇಡೀ ರಾತ್ರಿಯ ಆಟ ಪೂರ್ತಿ ಮರೆಯಾಗಿಲ್ಲ. ಆದರೆ ಒಂದು ಕಾಲದಲ್ಲಿ ಅದು ನಿಯಮವಾಗಿತ್ತು, ಈಗ ಆಯ್ಕೆಯಾಗಿದೆ.

ಗಂಟಲಿನ ದೃಷ್ಟಿಯಿಂದ ಇದು ವರವೇ. ಮೈಕಿಲ್ಲದ ಕಾಲದಲ್ಲಿ ಬಯಲಿನ ಕೊನೆಯ ಸಾಲಿಗೆ ಪದ್ಯ ಮುಟ್ಟಬೇಕಿದ್ದರೆ ಏರುಶ್ರುತಿಯೇ ಗತಿ. 2023ರಲ್ಲಿ ಅಗಲಿದ ಬಲಿಪ ನಾರಾಯಣ ಭಾಗವತರು ಆ ಪರಂಪರೆಯ ದೊಡ್ಡ ಕಂಠ. ‘ಬಲಿಪ ಶೈಲಿ’ ಎಂದೇ ಅದಕ್ಕೆ ಹೆಸರು. ಅಂಥ ಶ್ರುತಿಯಲ್ಲಿ ರಾತ್ರಿ ಮೇಲೆ ರಾತ್ರಿ ಹಾಡುವುದು ಎಲ್ಲರ ಮೈಗೆ ಒಗ್ಗುವ ಕೆಲಸವಲ್ಲ. ಕಾಲಮಿತಿಯಿಂದ ನಿದ್ದೆ ಸಿಕ್ಕಿತು, ಮನೆಯ ಊಟ ಸಿಕ್ಕಿತು, ಮಕ್ಕಳ ಮುಖ ಹಗಲಲ್ಲಿ ಕಂಡಿತು. ಹಗಲು ಬೇರೆ ಕೆಲಸ ಮಾಡಿಕೊಂಡು ರಾತ್ರಿ ಆಟಕ್ಕೆ ಬರುವುದೂ ಸಾಧ್ಯವಾಯಿತು.

ನಷ್ಟವಾದದ್ದು ಅಷ್ಟು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಇಡೀ ರಾತ್ರಿಯ ಆಟ ಹಿಮ್ಮೇಳದವರಿಗೆ ಶಾಲೆಯೂ ಆಗಿತ್ತು. ಮುಖ್ಯ ಪ್ರಸಂಗಕ್ಕೆ ಮೊದಲು ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷಗಳ ಪೂರ್ವರಂಗ. ಅದಕ್ಕೆ ಹಾಡುತ್ತಿದ್ದವರು ತೆಂಕಿನಲ್ಲಿ ‘ಸಂಗೀತಗಾರ’ ಎನಿಸಿಕೊಂಡ ಕಿರಿಯ ಭಾಗವತರು. ಬಾರಿಸುತ್ತಿದ್ದವರು ಮದ್ದಳೆಯ ಹೊಸಬರು. ಪ್ರೇಕ್ಷಕರು ಇನ್ನೂ ಬಂದು ಕೂರುತ್ತಿರುವ ಆ ಹೊತ್ತಿನಲ್ಲಿ ತಾಳ ತಪ್ಪಿದರೂ ಆಟ ಕೆಡುತ್ತಿರಲಿಲ್ಲ. ಕೆಲವು ತಿರುಗಾಟ ಕಳೆದ ಮೇಲೆ ಪ್ರಸಂಗದ ಮೊದಲ ಭಾಗ, ಮತ್ತೆ ಕೆಲವು ವರ್ಷಕ್ಕೆ ನಡುರಾತ್ರಿಯ ಪದ್ಯ. ಹಿರಿಯ ಭಾಗವತರು ರಾತ್ರಿಯ ಕೊನೆಯ ಜಾವಗಳಿಗೆ ಪದ್ಯಕ್ಕೆ ಕೂರುವಾಗ ಕಿರಿಯರು ಹಿಂದೆ ಕುಳಿತು ಕೇಳುತ್ತಿದ್ದರು. ಮಟ್ಟು, ಪ್ರಸಂಗದ ನಡೆ, ರಾತ್ರಿಯ ಯಾವ ಹೊತ್ತಿಗೆ ಯಾವ ರಾಗ ಎಂಬುದೆಲ್ಲ ಹೀಗೆಯೇ ಕೈಗೆ ಬರುತ್ತಿತ್ತು. ಕಾಲಮಿತಿಯಲ್ಲಿ ಮೊದಲು ಕತ್ತರಿ ಬಿದ್ದದ್ದು ಪೂರ್ವರಂಗಕ್ಕೆ. ಅಲ್ಲಿಗೆ ಆ ಏಣಿಯ ಕೆಳಗಿನ ಮೆಟ್ಟಿಲುಗಳೇ ಹೋದವು.

ತರಗತಿಗಳು ಇಲ್ಲವೆಂದಲ್ಲ. ಶಿವರಾಮ ಕಾರಂತ, ಕು.ಶಿ. ಹರಿದಾಸ ಭಟ್ಟರ ಆಸ್ಥೆಯಿಂದ ಉಡುಪಿಯಲ್ಲಿ ಹುಟ್ಟಿದ ಯಕ್ಷಗಾನ ಕೇಂದ್ರದಿಂದ ಹಿಡಿದು ಊರೂರಿನ ಭಾಗವತಿಕೆ ತರಗತಿಗಳವರೆಗೆ ಕಲಿಯುವ ಜಾಗಗಳು ಹಿಂದಿಗಿಂತ ಹೆಚ್ಚಿವೆ. ವಿದೇಶದ ಮಕ್ಕಳೂ ಆನ್‌ಲೈನಿನಲ್ಲಿ ತಾಳ ಹಾಕುತ್ತಾರೆ. ತರಗತಿ ಏಕ, ರೂಪಕ, ಝಂಪೆ, ತ್ರಿವುಡೆಗಳನ್ನು ಕಲಿಸಬಲ್ಲದು. ಅರ್ಥಧಾರಿ ಮಾತು ಮರೆತು ನಿಂತಾಗ ಏನು ಮಾಡಬೇಕೆಂದು ರಂಗಸ್ಥಳವೇ ಕಲಿಸಬೇಕು. 2024ರಲ್ಲಿ ನಿಧನರಾದ ಸುಬ್ರಹ್ಮಣ್ಯ ಧಾರೇಶ್ವರರು ಮೇಳಕ್ಕೆ ಮೊದಲು ಸೇರಿದ್ದು ವಿದ್ಯುತ್ ಕೆಲಸದವರಾಗಿ. ಆಮೇಲೆ ಪೆರ್ಡೂರು ಮೇಳದ ಹೆಸರಾಂತ ಭಾಗವತರಾದರು. ದೀಪ ನೋಡಿಕೊಳ್ಳಲು ಬಂದವರನ್ನೂ ಭಾಗವತರನ್ನಾಗಿ ಮಾಡುವ ಅವಕಾಶ ಮೇಳದ ಬದುಕಿನೊಳಗಿತ್ತು.

ಮಳೆಗಾಲದ ಹೊಟ್ಟೆಪಾಡು

ಪತ್ತನಾಜೆಯ ನಂತರ ಎಲ್ಲರೂ ಒಂದೇ ದಾರಿ ಹಿಡಿಯುವುದಿಲ್ಲ. ಹೆಸರಾದ ಭಾಗವತರಿಗೆ ಬೆಂಗಳೂರು, ಮುಂಬೈ, ಕೊಲ್ಲಿ ದೇಶಗಳ ಕರೆ ಬರುತ್ತದೆ. ವೇಷವಿಲ್ಲದೆ ಕುಳಿತು ನಡೆಸುವ ತಾಳಮದ್ದಳೆ, ಹಾಡಿಗೇ ಮೀಸಲಾದ ಗಾನವೈಭವಗಳ ಸರಣಿ ಇರುತ್ತದೆ. ಹೆಸರಾಗದವರು ಚಿಕ್ಕಮೇಳ ಕಟ್ಟಿಕೊಂಡು ಸಂಜೆ ಮನೆಮನೆಗೆ ಹೋಗುತ್ತಾರೆ: ಎರಡು ವೇಷ, ಸಣ್ಣ ಹಿಮ್ಮೇಳ, ಜಗಲಿಯಲ್ಲಿ ಸ್ವಲ್ಪ ಹೊತ್ತಿನ ಪ್ರಸಂಗ, ಮನೆಯವರು ಕೊಡುವ ಅಕ್ಕಿ, ತೆಂಗಿನಕಾಯಿ, ಕಾಣಿಕೆ. ಉಳಿದವರಿಗೆ ಗದ್ದೆ, ಹೋಟೆಲು, ಆಟೋ, ಮದ್ದಳೆ ಚೆಂಡೆಗಳ ಚರ್ಮದ ಮುಚ್ಚಿಗೆ ಬಿಗಿಯುವ ಕೆಲಸ. ಒಂದೇ ಮೇಳದಲ್ಲಿ ಪಕ್ಕಪಕ್ಕ ಕೂತವರ ವರ್ಷದ ಗಳಿಕೆ ಎಷ್ಟು ದೂರ ದೂರ ಎಂಬುದು ಮಳೆಗಾಲದಲ್ಲಿ ತಿಳಿಯುತ್ತದೆ.

ಗಾನವೈಭವ ಭಾಗವತರನ್ನು ವೇಷಗಳ ಹಿಂದಿನಿಂದ ಮುಂದಕ್ಕೆ ತಂದಿತು. ಇಬ್ಬರು ಭಾಗವತರ ದ್ವಂದ್ವ ಹಾಡುಗಾರಿಕೆಗೆ ಸಭಾಂಗಣ ತುಂಬುತ್ತದೆ. ಚಪ್ಪಾಳೆಗಾಗಿ ಆಲಾಪ ಹಿಗ್ಗುತ್ತದೆ, ಭಾವಗೀತೆ ಸಿನಿಮಾಗಳ ಧಾಟಿ ನುಸುಳುತ್ತದೆ ಎಂಬ ಹಿರಿಯರ ಆಕ್ಷೇಪದಲ್ಲಿ ಹುರುಳಿದೆ. ಆದರೆ ಆಕ್ಷೇಪಿಸುವವರು ಮಳೆಗಾಲದ ಸಂಬಳ ಕೊಡುವುದಿಲ್ಲ, ಚಪ್ಪಾಳೆ ಹೊಡೆಯುವವರು ಕೊಡುತ್ತಾರೆ.

ಮೊಬೈಲಿನದ್ದು ಇನ್ನೊಂದು ಬಗೆಯ ಲೆಕ್ಕ. ರಾತ್ರಿ ಹೇಳಿದ ಪದ್ಯ ಬೆಳಗಾಗುವುದರೊಳಗೆ ಯೂಟ್ಯೂಬಿನಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇರುತ್ತದೆ. ಇದರಿಂದ ಹೆಸರು ಬರುತ್ತದೆ. ಹಾಡಿದವರಿಗೆ ಹಣ ಬರುವುದು ಅಪರೂಪ. ಕಲಾವಿದರ ಒಪ್ಪಿಗೆಯಿಲ್ಲದೆ ಪ್ರದರ್ಶನವನ್ನು ಧ್ವನಿಮುದ್ರಿಸಿ ಹಂಚುವಂತಿಲ್ಲ ಎಂದು ಕೃತಿಸ್ವಾಮ್ಯ ಕಾಯ್ದೆಯ ‘ಪ್ರದರ್ಶಕರ ಹಕ್ಕು’ ಹೇಳುತ್ತದೆ. 2012ರ ತಿದ್ದುಪಡಿ ಅದನ್ನು ಇನ್ನಷ್ಟು ಬಲಪಡಿಸಿತು. ಅಭಿಮಾನಿಯ ಮೊಬೈಲನ್ನು ತಡೆದು ಕಾಯ್ದೆ ಹೇಳುವ ಭಾಗವತರು ಸಿಗುವುದು ಕಷ್ಟ. ನಾಳೆ ಕಾರ್ಯಕ್ರಮಕ್ಕೆ ಕರೆಯುವವರೂ ಅದೇ ಅಭಿಮಾನಿಗಳೇ.

ಹೆಣ್ಣು ಕಂಠಕ್ಕೆ ದಾರಿ

ಕರ್ನಾಟಕ ಸಂಗೀತ ಕಲಿತಿದ್ದ ಮಧೂರಿನ ಲೀಲಾವತಿ ಬೈಪಾಡಿತ್ತಾಯರು ಮದುವೆಯ ನಂತರ ಪತಿ ಹರಿನಾರಾಯಣ ಬೈಪಾಡಿತ್ತಾಯರಿಂದ ಯಕ್ಷಗಾನ ಕಲಿತು ತೆಂಕುತಿಟ್ಟಿನ ಮೊದಲ ವೃತ್ತಿಪರ ಭಾಗವತೆಯಾದರು. ಗಂಡಸರೇ ತುಂಬಿದ್ದ ಮೇಳದಲ್ಲಿ ರಾತ್ರಿ ರಾತ್ರಿ ತಿರುಗಾಟ ಮಾಡಿದರು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಅವರ ದಾರಿಯಲ್ಲಿ ನಡೆದ ಹಲವು ಯುವತಿಯರು ಭಾಗವತಿಕೆಯಲ್ಲಿ ಹೆಸರಾಗಿದ್ದರು. ಆದರೂ ಇವರ ಹಾಡು ಹೆಚ್ಚು ಕೇಳುವುದು ಗಾನವೈಭವ, ತಾಳಮದ್ದಳೆ, ಹವ್ಯಾಸಿ ತಂಡಗಳಲ್ಲಿ. ಮೇಳಗಳಲ್ಲಿ ಅವರಿಗೆ ಸ್ಥಾನ ಇನ್ನೂ ವಿರಳ.

ಆಸರೆ ಯಾರದು?

ಇಷ್ಟೆಲ್ಲದರ ನಡುವೆ ಕಲಾವಿದರಿಗೆ ಆಸರೆಯಾದವರು ಹೆಚ್ಚಾಗಿ ಅಭಿಮಾನಿಗಳೇ. 1975ರಲ್ಲಿ ಶುರುವಾದ ಉಡುಪಿಯ ಯಕ್ಷಗಾನ ಕಲಾರಂಗ ‘ಯಕ್ಷನಿಧಿ’ಯ ಮೂಲಕ ವೃತ್ತಿ ಕಲಾವಿದರಿಗೆ ನೆರವಾಗುತ್ತಿದೆ, ಮನೆ ಕಟ್ಟಿಸಿಕೊಡುತ್ತಿದೆ. ಭಾಗವತ ಪಟ್ಲ ಸತೀಶ್ ಶೆಟ್ಟರು ತಮ್ಮ ಜನಪ್ರಿಯತೆಯನ್ನೇ ಬಂಡವಾಳ ಮಾಡಿ ಕಟ್ಟಿದ ಯಕ್ಷಧ್ರುವ ಪಟ್ಲ ಫೌಂಡೇಶನ್ ಅಪಘಾತ ವಿಮೆ, ವಸತಿ ನೆರವುಗಳನ್ನು ಕೈಗೆತ್ತಿಕೊಂಡಿತು. ಸರ್ಕಾರದ ಕಲಾವಿದರ ಮಾಸಾಶನ ಮುಖ್ಯವಾಗಿ ವಯಸ್ಸಾದವರಿಗೆ; ನಡುವಯಸ್ಸಿನಲ್ಲಿ ಗಂಟಲು ಕಳೆದುಕೊಂಡ ಭಾಗವತರಿಗೆ ಅದರಿಂದ ಹೆಚ್ಚಿನ ಉಪಯೋಗವಿಲ್ಲ.

ದಾನದಿಂದ ನಡೆಯುವ ನೆರವಿಗೆ ಮಿತಿಯಿದೆ. ಅದು ಕಷ್ಟ ಬಂದ ಮೇಲೆ ಬರುತ್ತದೆ. ಯಕ್ಷಗಾನಕ್ಕೆ ಹಣ ಬರುತ್ತಿಲ್ಲ ಎನ್ನುವಂತಿಲ್ಲ. ಹರಕೆಯ ಪಟ್ಟಿ ತುಂಬಿದೆ, ಪೆಂಡಾಲು, ಬೆಳಕು, ಊಟಕ್ಕೆ ಆಡಿಸುವವರು ಕೈಬಿಚ್ಚಿ ಖರ್ಚು ಮಾಡುತ್ತಾರೆ. ಆ ಖರ್ಚಿನೊಳಗೇ ಹಿಮ್ಮೇಳದ ವಿಮೆಗೆ, ಗಂಟಲು ಕೈಕೊಟ್ಟ ದಿನದ ಸಂಬಳಕ್ಕೆ ಒಂದು ಪಾಲು ಸೇರಿಸುವುದು ಆಗದ ಮಾತಲ್ಲ. ಕಾಲಮಿತಿಯ ಆಟದಲ್ಲೂ ಅರ್ಧ ಗಂಟೆ ಪೂರ್ವರಂಗ ಉಳಿಸಿ ಅದನ್ನು ಕಿರಿಯರಿಗೇ ಬಿಟ್ಟುಕೊಟ್ಟರೆ ಮುಂದಿನ ತಲೆಮಾರಿನ ಭಾಗವತರಿಗೆ ರಂಗಸ್ಥಳವೂ ಸಿಗುತ್ತದೆ. ಇದನ್ನು ಮಾಡಬಲ್ಲವರು ಇಬ್ಬರು: ಮೇಳದ ಯಜಮಾನರು ಮತ್ತು ಆಟ ಆಡಿಸುವವರು. ದೇವರಿಗೆ ಹೇಳಿಕೊಂಡ ಸೇವೆಯಲ್ಲಿ ರಾತ್ರಿ ಪೂರಾ ಪದ್ಯ ಹೇಳಿದವರ ಮಳೆಗಾಲವೂ ಸೇರಿದೆ ಎಂದು ಇವರಿಬ್ಬರೂ ಒಪ್ಪಿಕೊಳ್ಳಬೇಕು.